ಯಹೂದಿ ಕಥೆಗಳ ದಂಪತಿಗಳು ಮತ್ತು ಅವರ ದೇವರು

ಪ್ರಶ್ನೆ: ಐಸಾಕ್ ಬಾಶೆವಿಸ್ ಸಿಂಗರ್ ಅವರ ‘ಶಾರ್ಟ್ ಫ್ರೈಡೇ’ ಕಥೆಯನ್ನು ಇಂಗ್ಲಿಷಿನಲ್ಲಿ ಓದಿದೆ. ಬಡ ದರ್ಜಿಯೊಬ್ಬನೂ ಅವನ ಹೆಂಡತಿಯೂ ಒಂದೇ ರಾತ್ರಿ, ಒಂದೇ ಹಾಸಿಗೆಯಲ್ಲಿ ಸಾಯುತ್ತಾರೆ. ಇಷ್ಟು ಒಳ್ಳೆಯವರನ್ನು ಕಥೆಗಾರರು ಏಕೆ ಸಾಯಿಸಿದರು? ಇದು ಭಕ್ತಿಯ ಕಥೆಯೋ ಪ್ರೇಮದ ಕಥೆಯೋ? ಓದುವಾಗ ಜೇಡರ ದಾಸಿಮಯ್ಯನ ‘ಸತಿಪತಿಗಳೊಂದಾದ ಭಕ್ತಿ ಹಿತವಾಗಿಪ್ಪುದು ಶಿವಂಗೆ’ ಎಂಬ ಮಾತು ನೆನಪಾಯಿತು. ಯಹೂದಿ ಸಾಹಿತ್ಯದಲ್ಲಿ ದಾಂಪತ್ಯವು ಯಾವಾಗಲೂ ಹೀಗೆ ದೇವರೊಂದಿಗೆ ಹೆಣೆದುಕೊಂಡೇ ಇರುತ್ತದೆಯೇ? ಮುಂದೆ ಏನನ್ನು ಓದಬಹುದು?

ಉತ್ತರ: ನಿಮ್ಮ ಮೂರನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಉಳಿದವುಗಳ ಕೀಲಿ ಅದರಲ್ಲಿದೆ. ಯಹೂದಿ ಕಥೆಗಳಲ್ಲಿ ದಾಂಪತ್ಯವೂ ದೈವಶ್ರದ್ಧೆಯೂ ಹೆಣೆದುಕೊಂಡಿರುವುದು ನಿಜ. ಆದರೆ ಅವೆರಡೂ ಸದಾ ಹೊಂದಿಕೊಂಡು ಹೋಗುತ್ತವೆ ಎಂದು ಹೇಳಲಾಗದು. ಎಷ್ಟೋ ಕಥೆಗಳಲ್ಲಿ ಧರ್ಮದ ನಿಯಮ ಒಂದು ಕಡೆಗೂ ಗಂಡಹೆಂಡಿರ ಮಮತೆ ಇನ್ನೊಂದು ಕಡೆಗೂ ಎಳೆಯುತ್ತವೆ. ಈ ಪರಂಪರೆಯ ಒಳ್ಳೆಯ ಕಥೆಗಾರರು ಪ್ರೀತಿಯನ್ನು ಮಾತಿನಲ್ಲಿ ಹೇಳಿಸುವುದು ಕಡಿಮೆ. ವಾರಕ್ಕೊಮ್ಮೆ ಬರುವ ಸಬ್ಬತ್ ಎಂಬ ಪವಿತ್ರ ವಿಶ್ರಾಂತಿಯ ದಿನ, ಮನೆಯೊಲೆ, ಊಟದ ಮೇಜು, ಶುದ್ಧಿಸ್ನಾನದ ಕೊಳ ಇವುಗಳ ಸುತ್ತ ಒಬ್ಬರಿಗಾಗಿ ಒಬ್ಬರು ಮಾಡುವ ಸಣ್ಣ ಕೆಲಸಗಳಲ್ಲಿ ಅವರು ಅದನ್ನು ತೋರಿಸುತ್ತಾರೆ. ಆ ಕೆಲಸಗಳನ್ನು ವಿಧಿಸಿದ ನಿಯಮವೇ ದಂಪತಿಗಳ ನಡುವೆ ಅಡ್ಡ ಬಂದರೆ, ನಿಯಮವನ್ನು ಮುರಿಯದೆಯೇ ಅದನ್ನು ಮೀರುವ ದಾರಿಯೊಂದನ್ನು ಹುಡುಕುತ್ತಾರೆ. ಅಂಥ ದಾರಿ ಎಲ್ಲ ಕಥೆಯಲ್ಲೂ ಸಿಕ್ಕುವುದಿಲ್ಲ ಎಂಬುದನ್ನೂ ಮುಂದೆ ನೋಡೋಣ.

ನೀವು ಓದಿದ ಕಥೆಯನ್ನು ಹತ್ತಿರದಿಂದ ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ಲಾಪ್‌ಶಿಟ್ಸ್ ಎಂಬ ಹಳ್ಳಿಯ ಶ್ಮುಲ್-ಲೈಬೆಲೆ ಅರ್ಧ ದರ್ಜಿ, ಅರ್ಧ ತುಪ್ಪಳಗಾರ, ಪೂರ್ತಿ ಬಡವ. ಕಸುಬು ಅವನ ಕೈಗೆ ಪೂರ್ತಿಯಾಗಿ ಹತ್ತಲೇ ಇಲ್ಲ. ಅವನು ಹೊಲಿದ ಅಂಗಿ ಒಬ್ಬನಿಗೆ ಗಿಡ್ಡವಾದರೆ ಇನ್ನೊಬ್ಬನಿಗೆ ಬಿಗಿಯಾಗುತ್ತದೆ. ಆದರೆ ದಪ್ಪ ದಾರದಲ್ಲಿ ಗಟ್ಟಿಯಾಗಿ ಹೊಲಿಯುವುದರಿಂದ ಹೊಲಿಗೆ ಬಿಚ್ಚುವುದಿಲ್ಲ, ಉಳಿದ ಬಟ್ಟೆಯ ಚೂರನ್ನೂ ಅವನು ಗಿರಾಕಿಗೆ ಹಿಂದಿರುಗಿಸುತ್ತಾನೆ. ಹೆಂಡತಿ ಶೋಶೆ ಅವನಿಗಿಂತ ಎಲ್ಲದರಲ್ಲೂ ಚುರುಕು: ಅಡುಗೆ, ರೊಟ್ಟಿ ಸುಡುವುದು, ಮನೆವಾರ್ತೆ ಎಲ್ಲವೂ ಅವಳಿಗೆ ಕರತಲಾಮಲಕ. ಮಕ್ಕಳಿಲ್ಲ. ಇಷ್ಟನ್ನು ಹೇಳಿ ಮುಗಿಸಿದ ಮೇಲೆ ಸಿಂಗರ್ ಕಥೆಯ ಬಹುಭಾಗವನ್ನು ಒಂದೇ ಒಂದು ಶುಕ್ರವಾರಕ್ಕೆ, ವರ್ಷದಲ್ಲೇ ಅತಿ ಗಿಡ್ಡವಾದ ಹಗಲಿರುವ ಶುಕ್ರವಾರಕ್ಕೆ, ಮೀಸಲಿಡುತ್ತಾರೆ.

ಈ ‘ಗಿಡ್ಡ ಶುಕ್ರವಾರ’ದ ಒತ್ತಡ ನಮ್ಮ ಓದುಗರಿಗೆ ಒಮ್ಮೆಗೇ ಹೊಳೆಯದಿರಬಹುದು. ಸಬ್ಬತ್ ಆರಂಭವಾಗುವುದು ಶುಕ್ರವಾರದ ಸೂರ್ಯಾಸ್ತಕ್ಕೆ. ಪೋಲೆಂಡಿನ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಮುಳುಗುವುದು ಮಧ್ಯಾಹ್ನ ಮೂರೂವರೆಯ ಆಸುಪಾಸಿಗೆ. ಆಮೇಲೆ ಬೆಂಕಿ ಹೊತ್ತಿಸುವಂತಿಲ್ಲ, ಅಡುಗೆ ಮಾಡುವಂತಿಲ್ಲ, ಸೂಜಿ ಹಿಡಿಯುವಂತಿಲ್ಲ. ಮಾರನೆಯ ದಿನದ ಬಿಸಿಯೂಟವನ್ನು ಮುಂಚಿತವಾಗಿಯೇ ಒಲೆಯೊಳಗಿಟ್ಟು ಮುಚ್ಚಿಬಿಡಬೇಕು. ಚೋಲೆಂಟ್ ಎಂಬ ಆ ಅಡುಗೆ ರಾತ್ರಿಯಿಡೀ ಬೇಯುತ್ತಾ ಇರುತ್ತದೆ. ಹೆಣೆದ ಖಲ್ಲಾ ರೊಟ್ಟಿ, ಮೀನು, ದೀಪ, ಗಂಡನ ಸ್ನಾನ, ಶುಭ್ರ ಬಟ್ಟೆ ಎಲ್ಲವೂ ಕೆಲವೇ ಗಂಟೆಗಳೊಳಗೆ ಆಗಬೇಕು. ಹೊರಗೆ ಹಿಮ ಸುರಿಯುತ್ತಿದೆ, ಒಳಗೆ ಇಬ್ಬರೂ ದಿನದ ಜೊತೆ ಪಂದ್ಯ ಕಟ್ಟಿದವರ ಹಾಗೆ ದುಡಿಯುತ್ತಾರೆ. ಊಟ ಮುಗಿಸಿ ಮಲಗಿದವರು ನಡುರಾತ್ರಿ ಎಚ್ಚರಗೊಂಡು ಕೂಡುತ್ತಾರೆ. ಅವಳು ವಿಧಿಯಂತೆ ಸ್ನಾನದ ಕೊಳಕ್ಕೆ ಹೋಗಿಬಂದಿದ್ದಾಳೆ ಎಂಬುದನ್ನು ಸಿಂಗರ್ ಮರೆಯದೆ ಹೇಳುತ್ತಾರೆ. ಆಮೇಲೆ ಒಲೆಯ ಹೊಗೆ ಮನೆಯನ್ನು ತುಂಬುತ್ತದೆ. ನಿದ್ದೆಯ ಭಾರದಲ್ಲಿ ಯಾರೂ ಏಳುವುದಿಲ್ಲ. ಮತ್ತೆ ಕಣ್ಣು ಬಿಟ್ಟಾಗ ರೆಪ್ಪೆಯ ಮೇಲೆ ಶವದ ಕಣ್ಣು ಮುಚ್ಚಲು ಇಡುವ ಮಡಕೆಯ ಚೂರುಗಳಿವೆ, ಇಬ್ಬರೂ ಗೋರಿಯಲ್ಲಿದ್ದಾರೆ, ಅಕ್ಕಪಕ್ಕದಲ್ಲೇ ಇದ್ದಾರೆ, ಪರಸ್ಪರ ಮಾತನಾಡುತ್ತಿದ್ದಾರೆ. ದೇವದೂತನೊಬ್ಬ ಬಂದು ಇಬ್ಬರನ್ನೂ ಸ್ವರ್ಗಕ್ಕೆ ಕರೆದೊಯ್ಯುವಲ್ಲಿ ಕಥೆ ನಿಲ್ಲುತ್ತದೆ.

ಕಥೆಗಾರರು ಇವರನ್ನು ಏಕೆ ಸಾಯಿಸಿದರು ಎಂಬ ಪ್ರಶ್ನೆಗೆ ಕೆಲವರು ಪಾಪಪುಣ್ಯದ ಲೆಕ್ಕ ಹುಡುಕುವುದುಂಟು. ಅದು ನನಗೆ ಒಪ್ಪಿಗೆಯಿಲ್ಲ. ಅವರನ್ನು ಕೊಂದದ್ದು ಸಬ್ಬತ್ತಿಗಾಗಿ ಅವಳು ಅಕ್ಕರೆಯಿಂದ ಹೂಡಿದ ಒಲೆಯೇ. ಹಾಗೆ ನೋಡಿದರೆ ಈ ಸಾವು ಕ್ರೂರವಾದ ವ್ಯಂಗ್ಯ. ಆದರೆ ಆ ವ್ಯಂಗ್ಯವನ್ನು ಕಹಿಯಾಗಲು ಸಿಂಗರ್ ಬಿಡುವುದಿಲ್ಲ. ಈ ದಂಪತಿಗೆ ಬರಬಹುದಾಗಿದ್ದ ಒಂದೇ ನಿಜವಾದ ದುಃಖವೆಂದರೆ ಇಬ್ಬರಲ್ಲಿ ಒಬ್ಬರು ಉಳಿಯುವುದು. ಆ ದುಃಖವನ್ನು ಕಥೆ ತಪ್ಪಿಸುತ್ತದೆ. ಇನ್ನೊಂದು ಸಂಗತಿಯನ್ನೂ ಗಮನದಲ್ಲಿಡಬೇಕು. ಪೋಲೆಂಡಿನ ರಬ್ಬಿಯೊಬ್ಬರ (ಯಹೂದಿ ಧರ್ಮಗುರುವಿನ) ಮಗನಾಗಿದ್ದ ಸಿಂಗರ್ 1935ರಲ್ಲಿ ಅಮೆರಿಕಕ್ಕೆ ಹೋದರು. ನ್ಯೂಯಾರ್ಕಿನಲ್ಲಿ, ಪೂರ್ವ ಯುರೋಪಿನ ಯಹೂದಿಗಳ ಆಡುಮಾತಾಗಿದ್ದ ಯಿದ್ದಿಷ್ ಭಾಷೆಯಲ್ಲಿಯೇ ಬರೆದರು. 1978ರಲ್ಲಿ ನೊಬೆಲ್ ಪಡೆದರು. ಈ ಕಥೆಯ ಹೆಸರನ್ನೇ ಹೊತ್ತ ಇಂಗ್ಲಿಷ್ ಸಂಕಲನ 1964ರಲ್ಲಿ ಬರುವ ಹೊತ್ತಿಗೆ ಇಂಥ ಹಳ್ಳಿಗಳ ಯಹೂದಿಗಳನ್ನು ನಾಜಿಗಳು ಕೊಂದು ಮುಗಿಸಿ ಇಪ್ಪತ್ತು ವರ್ಷವಾಗಿತ್ತು. ತಮ್ಮ ಹಾಸಿಗೆಯಲ್ಲಿ, ಸಬ್ಬತ್ತಿನ ರಾತ್ರಿ, ಜೊತೆಯಾಗಿ ಸತ್ತು, ತಮ್ಮವರ ಕೈಯಲ್ಲಿ ವಿಧಿಪೂರ್ವಕವಾಗಿ ಮಣ್ಣಾದ ಗಂಡಹೆಂಡಿರು ಅಂದಿನ ಯಿದ್ದಿಷ್ ಓದುಗನಿಗೆ ನತದೃಷ್ಟರಾಗಿ ಕಂಡಿರಲಾರರು.

ದಾಸಿಮಯ್ಯನ ಮಾತು ನಿಮಗೆ ನೆನಪಾದದ್ದು ಸಹಜವೇ. ಒಂದು ವ್ಯತ್ಯಾಸವನ್ನು ಮಾತ್ರ ಹೇಳಿಬಿಡುತ್ತೇನೆ. ವಚನದಲ್ಲಿ ಸತಿಪತಿಗಳು ಒಂದಾಗುವುದು ಭಕ್ತಿಯಲ್ಲಿ. ಯಹೂದಿ ಶಾಸ್ತ್ರದಲ್ಲಿ ದಾಂಪತ್ಯ ಮೊದಲಿಗೆ ಒಂದು ಋಣ. ಬೈಬಲ್ಲಿನ ವಿಮೋಚನಕಾಂಡದ 21ನೆಯ ಅಧ್ಯಾಯ ಹೆಂಡತಿಗೆ ಸಲ್ಲಬೇಕಾದ ಮೂರನ್ನು ಹೆಸರಿಸುತ್ತದೆ: ಅನ್ನ, ಬಟ್ಟೆ, ದಾಂಪತ್ಯಸುಖ. ಮೂರನೆಯದು ಹೆಂಡತಿಯ ಹಕ್ಕು, ಗಂಡನ ಹೊಣೆ. ಯಹೂದಿ ಧರ್ಮನಿಯಮಗಳ ಪ್ರಾಚೀನ ಸಂಗ್ರಹವಾದ ಮಿಶ್ನಾದ ಕೆತುಬೋತ್ ಭಾಗವಂತೂ ಅದಕ್ಕೆ ವೃತ್ತಿವಾರು ಲೆಕ್ಕವನ್ನೇ ಕೊಡುತ್ತದೆ: ಕೂಲಿಯವನು ವಾರಕ್ಕೆ ಎರಡು ಬಾರಿ, ಕತ್ತೆ ಹೊಡೆಯುವವನು ವಾರಕ್ಕೊಮ್ಮೆ, ಒಂಟೆ ಹೊಡೆಯುವವನು 30 ದಿನಕ್ಕೊಮ್ಮೆ, ನಾವಿಕನು ಆರು ತಿಂಗಳಿಗೊಮ್ಮೆ. ವಿದ್ವಾಂಸರಿಗೆ ಶುಕ್ರವಾರದ ರಾತ್ರಿ ಸಲ್ಲುತ್ತದೆ ಎಂದು ಮಿಶ್ನಾದ ಮೇಲಿನ ಬೃಹತ್ ವ್ಯಾಖ್ಯಾನಗ್ರಂಥವಾದ ತಾಲ್ಮುದ್ ಹೇಳುತ್ತದೆ. ಓದಿದಾಗ ನಗು ಬರಬಹುದು. ಆದರೆ ಹೊಟ್ಟೆಪಾಡಿಗಾಗಿ ಅಲೆಯುವ ಗಂಡಸು ಮನೆಯಲ್ಲಿ ಕಾಯುವವಳನ್ನು ಮರೆಯದಿರಲಿ ಎಂಬ ಕಾಳಜಿ ಆ ಲೆಕ್ಕದ ಹಿಂದಿದೆ. ಶ್ಮುಲ್-ಲೈಬೆಲೆ ಮತ್ತು ಶೋಶೆಯ ಆ ರಾತ್ರಿ ಧರ್ಮದಿಂದ ಕದ್ದ ಸುಖವಲ್ಲ. ಸಬ್ಬತ್ತಿನ ಆಚರಣೆಯೊಳಗೇ ಅದಕ್ಕೂ ಜಾಗವಿದೆ.

ಈಗ ತಾಲ್ಮುದ್‌ನ ಅದೇ ಭಾಗದಲ್ಲಿರುವ ಎರಡು ಕಥೆಗಳನ್ನು ಹೇಳಬೇಕು, ಏಕೆಂದರೆ ಮುಂದಿನ ಕಾದಂಬರಿಕಾರರು ಅರಿತೋ ಅರಿಯದೆಯೋ ಇವುಗಳ ನಡುವೆಯೇ ಓಡಾಡುತ್ತಾರೆ. ಮೊದಲನೆಯದು ಪ್ರಸಿದ್ಧವಾದದ್ದು. ಕುರಿ ಕಾಯುತ್ತಿದ್ದ ಅಕಿವನನ್ನು ಸಿರಿವಂತನ ಮಗಳೊಬ್ಬಳು ಓದಲು ಹೋಗಬೇಕೆಂಬ ಷರತ್ತಿನ ಮೇಲೆ ಮದುವೆಯಾಗುತ್ತಾಳೆ; ತಂದೆ ಅವಳನ್ನು ಹೊರಗಟ್ಟುತ್ತಾನೆ; ಗಂಡ 12 ವರ್ಷ, ಮತ್ತೆ 12 ವರ್ಷ ಗುರುಕುಲದಲ್ಲಿ ಕಳೆದು 24,000 ಶಿಷ್ಯರೊಂದಿಗೆ ಊರಿಗೆ ಬರುತ್ತಾನೆ. ಹರಕು ಬಟ್ಟೆಯ ಹೆಂಗಸೊಬ್ಬಳು ಕಾಲಿಗೆ ಬಿದ್ದಾಗ ಶಿಷ್ಯರು ತಳ್ಳಲು ಮುಂದಾಗುತ್ತಾರೆ. ಬಿಡಿ, ನನ್ನದೂ ನಿಮ್ಮದೂ ಎಲ್ಲವೂ ಅವಳದೇ ಎಂದು ರಬ್ಬಿ ಅಕಿವ ಅವರನ್ನು ತಡೆಯುತ್ತಾನೆ. ಬೈಬಲ್ಲಿನ ಪ್ರೇಮಕಾವ್ಯವಾದ ಪರಮಗೀತೆಯನ್ನು ಪವಿತ್ರಗ್ರಂಥಗಳಲ್ಲೆಲ್ಲ ಅತಿ ಪವಿತ್ರವಾದದ್ದು ಎಂದು ಎತ್ತಿಹಿಡಿದವನೂ ಇದೇ ಅಕಿವ.

ಎರಡನೆಯ ಕಥೆಯನ್ನು ಭಕ್ತಿಸಭೆಗಳಲ್ಲಿ ಅಷ್ಟಾಗಿ ಹೇಳುವುದಿಲ್ಲ. ರವ್ ರೆಹುಮಿ ಎಂಬ ವಿದ್ವಾಂಸ ಮಾಹೋಜಾ ಪಟ್ಟಣದಲ್ಲಿ ಗುರುವಿನ ಬಳಿ ಓದುತ್ತಿದ್ದ. ವರ್ಷಕ್ಕೊಮ್ಮೆ, ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ದಿನದ ಹಿಂದಿನ ಸಂಜೆ, ಮನೆಗೆ ಬರುವುದು ಅವನ ವಾಡಿಕೆ. ಒಂದು ವರ್ಷ ಓದಿನಲ್ಲಿ ಮುಳುಗಿ ಹೊತ್ತು ಹೋದದ್ದೇ ತಿಳಿಯಲಿಲ್ಲ. ಇತ್ತ ಹೆಂಡತಿ, ಈಗ ಬರುತ್ತಾನೆ, ಇನ್ನೇನು ಬಂದೇಬಿಟ್ಟ ಎಂದು ಬಾಗಿಲು ಕಾಯುತ್ತಾಳೆ. ಬರಲಿಲ್ಲ. ಅವಳ ಕಣ್ಣಿಂದ ಒಂದು ಹನಿ ಉದುರುತ್ತದೆ. ಆ ಕ್ಷಣದಲ್ಲಿ ಅವನು ಕುಳಿತಿದ್ದ ಮಾಳಿಗೆ ಕುಸಿದು ಅವನು ಸಾಯುತ್ತಾನೆ. ವ್ಯಾಖ್ಯಾನವಿಲ್ಲ, ಸಮರ್ಥನೆಯಿಲ್ಲ. ಅಕಿವನ ಹೆಂಡತಿಯ 24 ವರ್ಷಗಳ ಕಾಯುವಿಕೆಯನ್ನು ಹೊಗಳಿದ ಗ್ರಂಥವೇ ಕೆಲವು ಸಾಲುಗಳ ಅಂತರದಲ್ಲಿ, ಕಾಯುವ ಇನ್ನೊಬ್ಬಳ ಒಂದು ಹನಿ ಕಣ್ಣೀರು ಶಾಸ್ತ್ರಾಧ್ಯಯನಕ್ಕಿಂತ ಭಾರವಾದದ್ದು ಎಂದು ತೋರಿಸುತ್ತದೆ. ಈ ಎರಡನ್ನೂ ಒಟ್ಟಿಗೆ ಓದದೆ ಯಹೂದಿ ಸಾಹಿತ್ಯದ ದಾಂಪತ್ಯವನ್ನು ಕುರಿತು ಮಾತನಾಡುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ನಿಯಮವೂ ಪ್ರೀತಿಯೂ ನೇರವಾಗಿ ಎದುರುಬದುರಾಗುವ ಹಳೆಯ ಕಥೆಯೊಂದು ಪರಮಗೀತೆಯ ಮೇಲಿನ ಪ್ರಾಚೀನ ವ್ಯಾಖ್ಯಾನವಾದ ಮಿದ್ರಾಶ್‌ನಲ್ಲಿದೆ. ಮದುವೆಯಾಗಿ ಹತ್ತು ವರ್ಷವಾದರೂ ಮಕ್ಕಳಾಗದಿದ್ದರೆ ಗಂಡ ಸುಮ್ಮನಿರಬಾರದು ಎಂಬುದು ಮಿಶ್ನಾದ ಕಟ್ಟಳೆ. ಸೀದೋನಿನ ದಂಪತಿಯೊಂದು ಇದೇ ಕಾರಣಕ್ಕೆ ಬೇರೆಯಾಗಲು ರಬ್ಬಿ ಶಿಮೋನ್ ಬರ್ ಯೋಹಾಯ್ ಅವರ ಬಳಿ ಬರುತ್ತದೆ. ನೀವು ಔತಣದೊಂದಿಗೆ ಕೂಡಿದವರು, ಔತಣದೊಂದಿಗೇ ಅಗಲಿ ಎಂದು ಅವರು ಹೇಳುತ್ತಾರೆ. ಔತಣದಲ್ಲಿ ಹೆಂಡತಿ ಗಂಡನಿಗೆ ಧಾರಾಳವಾಗಿ ಕುಡಿಸುತ್ತಾಳೆ. ಹಿತವಾದ ಅಮಲಿನಲ್ಲಿ ಅವನು, ಈ ಮನೆಯಲ್ಲಿ ನಿನಗೆ ಅತ್ಯಂತ ಪ್ರಿಯವಾದದ್ದನ್ನು ತೆಗೆದುಕೊಂಡು ತವರಿಗೆ ಹೋಗು ಎನ್ನುತ್ತಾನೆ. ಅವನು ನಿದ್ದೆಹೋದ ಮೇಲೆ ಅವಳು ಆಳುಗಳನ್ನು ಕರೆದು ಅವನನ್ನೇ ಹಾಸಿಗೆಸಮೇತ ತವರಿಗೆ ಹೊರಿಸುತ್ತಾಳೆ. ನಡುರಾತ್ರಿ ಎಚ್ಚರಗೊಂಡು, ನಾನೆಲ್ಲಿದ್ದೇನೆ ಎಂದು ಕೇಳಿದವನಿಗೆ, ಲೋಕದಲ್ಲಿ ನಿನಗಿಂತ ಪ್ರಿಯವಾದದ್ದು ನನಗಿಲ್ಲ ಎನ್ನುತ್ತಾಳೆ. ಇಬ್ಬರೂ ಮತ್ತೆ ರಬ್ಬಿಯ ಬಳಿ ಹೋಗುತ್ತಾರೆ, ಅವರು ಪ್ರಾರ್ಥಿಸುತ್ತಾರೆ, ಮಗುವಾಗುತ್ತದೆ. ಅವಳು ನಿಯಮದ ವಿರುದ್ಧ ಒಂದು ಮಾತನ್ನೂ ಆಡಲಿಲ್ಲ. ಹೇಳಿದ್ದನ್ನು ಅಕ್ಷರಶಃ ಪಾಲಿಸಿಯೇ ಗೆದ್ದಳು. ಶೋಶೆಯೂ ಮಕ್ಕಳಿಲ್ಲದವಳೇ; ಸಿಂಗರ್ ಅವಳಿಗೆ ಪವಾಡದ ಮಗುವನ್ನು ಕೊಡುವುದಿಲ್ಲ, ಆದರೆ ಮಗುವಿಲ್ಲದೆಯೂ ಆ ದಾಂಪತ್ಯದಲ್ಲಿ ಕೊರತೆ ಕಾಣದಂತೆ ಬರೆಯುತ್ತಾರೆ.

ಅಮೆರಿಕದ ಬರ್ನಾರ್ಡ್ ಮಾಲಮಡ್ ಅವರ ‘ಏಂಜಲ್ ಲೆವೀನ್’ ಕಥೆಯಲ್ಲಿ ಇದೇ ವಿಷಯ ನ್ಯೂಯಾರ್ಕಿಗೆ ಬರುತ್ತದೆ, ಅಲ್ಲಿಯೂ ನಾಯಕ ಒಬ್ಬ ದರ್ಜಿಯೇ. ಮನಿಶೆವಿಟ್ಸ್‌ನ ಅಂಗಡಿ ಸುಟ್ಟುಹೋಗಿದೆ, ಮಗ ಯುದ್ಧದಲ್ಲಿ ಸತ್ತಿದ್ದಾನೆ, ಮಗಳು ಯಾವನೋ ಒರಟನ ಜೊತೆ ಮದುವೆಯಾಗಿ ಕಣ್ಮರೆಯಾಗಿದ್ದಾಳೆ, ಬೆನ್ನುನೋವಿನಿಂದ ನಿಲ್ಲಲಾಗುವುದಿಲ್ಲ, ಹೆಂಡತಿ ಫ್ಯಾನಿ ಸಾಯುವ ಸ್ಥಿತಿಯಲ್ಲಿದ್ದಾಳೆ. ಹೀಗಿರುವಾಗ ಮನೆಯೊಳಗೆ ಕಪ್ಪು ಜನಾಂಗದವನೊಬ್ಬ ಕುಳಿತು ಪತ್ರಿಕೆ ಓದುತ್ತಿದ್ದಾನೆ. ತಾನು ಯಹೂದಿ, ದೇವರು ಕಳಿಸಿದ ದೂತ, ಹೆಸರು ಅಲೆಕ್ಸಾಂಡರ್ ಲೆವೀನ್ ಎನ್ನುತ್ತಾನೆ. ದರ್ಜಿ ನಂಬುವುದಿಲ್ಲ. ರೊಟ್ಟಿಯ ಮೇಲಿನ ಮಂತ್ರವನ್ನು ಹೀಬ್ರೂವಿನಲ್ಲಿ ಹೇಳಿಸಿ ಪರೀಕ್ಷಿಸುತ್ತಾನೆ, ಉತ್ತರ ಸರಿಯಿದ್ದರೂ ನಂಬುವುದಿಲ್ಲ. ಫ್ಯಾನಿಯ ಸ್ಥಿತಿ ಬಿಗಡಾಯಿಸಿದಾಗ ಅವನು ಹಾರ್ಲೆಮ್‌ಗೆ ಹೋಗಿ, ಹೆಂಡದ ವಾಸನೆಯ ಕುಣಿತದ ಅಡ್ಡೆಯೊಂದರಲ್ಲಿ, ಜನರ ಅಪಹಾಸ್ಯದ ನಡುವೆ, ಕುಡಿದು ನಿಂತಿರುವ ಲೆವೀನ್‌ಗೆ, ನೀನು ದೇವರ ದೂತನೆಂದು ನಂಬುತ್ತೇನೆ ಎಂದು ಬಾಯಿಬಿಟ್ಟು ಹೇಳಬೇಕಾಗುತ್ತದೆ. ಹೇಳುತ್ತಾನೆ. ಮನೆಗೆ ಬಂದು ನೋಡಿದರೆ ಫ್ಯಾನಿ ಎದ್ದು, ಮಂಚದ ಕೆಳಗಿನ ಧೂಳು ಒರೆಸುತ್ತಿದ್ದಾಳೆ.

ಈ ಕಥೆಯನ್ನು ನಾನು ಇಷ್ಟು ಮೆಚ್ಚುವುದಕ್ಕೆ ಕಾರಣವಿದೆ. ಮನಿಶೆವಿಟ್ಸ್ ನಂಬಿದ್ದರಿಂದ ಹೆಂಡತಿಯನ್ನು ಪ್ರೀತಿಸಿದವನಲ್ಲ, ಹೆಂಡತಿಯನ್ನು ಉಳಿಸಿಕೊಳ್ಳಲೇಬೇಕಾಗಿದ್ದರಿಂದ ನಂಬಿದವನು. ಅವಳಿಗೆ ಕಾಯಿಲೆ ಬರದಿದ್ದರೆ ಅವನು ಹಾರ್ಲೆಮ್‌ಗೆ ಹೋಗುತ್ತಿರಲಿಲ್ಲ, ತನ್ನ ಜನಾಂಗೀಯ ಅನುಮಾನವನ್ನು ನುಂಗಿಕೊಳ್ಳುತ್ತಲೂ ಇರಲಿಲ್ಲ. ಅವಳು ಗುಣವಾದದ್ದಕ್ಕೆ ಮಾಲಮಡ್ ಕೊಡುವ ಪುರಾವೆ ಪೊರಕೆ ಹಿಡಿದು ನಿಂತ ಗೃಹಿಣಿ. ಸಬ್ಬತ್ ಇಲ್ಲದ ಆ ಮನೆಗೆ ಇಷ್ಟೇ ಆಚರಣೆ ಉಳಿದಿದೆ.

ಪ್ರೀತಿಯಿಂದ ಆರಂಭವಾಗದ ಮದುವೆಗಳ ಸಂಗತಿ ಬೇರೆ, ಮತ್ತು ಅಲ್ಲಿ ಶ್ಮುಯೆಲ್ ಯೋಸೆಫ್ ಅಗ್ನೋನ್ ಅವರನ್ನು ಮೀರಿಸಿದವರಿಲ್ಲ. ಗಲೀಶಿಯಾದ ಬುಚಾಚ್ ಪಟ್ಟಣದಲ್ಲಿ ಹುಟ್ಟಿ, ಜೆರುಸಲೇಮಿನಲ್ಲಿ ನೆಲೆಸಿ, 1966ರಲ್ಲಿ ನೆಲಿ ಸಾಖ್ಸ್ ಅವರೊಂದಿಗೆ ನೊಬೆಲ್ ಹಂಚಿಕೊಂಡ ಅಗ್ನೋನ್ ಅವರ ಹೀಬ್ರೂ ಕಾದಂಬರಿ ‘ಸಿಪ್ಪೂರ್ ಪಾಶುತ್’ 1935ರಲ್ಲಿ ಪ್ರಕಟವಾಯಿತು. ‘ಒಂದು ಸರಳ ಕಥೆ’ ಎಂದು ಹೆಸರಿಟ್ಟ ಅದರಲ್ಲಿ ಸರಳವಾದದ್ದು ಏನೂ ಇಲ್ಲ. ಅಂಗಡಿಕಾರರ ಮಗ ಹಿರ್ಶ್‌ಲ್‌ಗೆ ಮನೆಗೆಲಸಕ್ಕೆ ಬಂದ ಅನಾಥ ಬಂಧು ಬ್ಲೂಮೆಯ ಮೇಲೆ ಮನಸ್ಸು. ವ್ಯವಹಾರಚತುರೆಯಾದ ತಾಯಿ ಅವನನ್ನು ಸಿರಿವಂತರ ಮಗಳು ಮೀನಾಗೆ ಕಟ್ಟುತ್ತಾಳೆ. ಮದುವೆಯಾದವನು ರಾತ್ರಿ ಹೊತ್ತು ಬ್ಲೂಮೆಯ ಮನೆಯ ಸುತ್ತ ಅಲೆಯುತ್ತಾನೆ, ಕೊನೆಗೆ ಮತಿಭ್ರಮಣೆಗೆ ಒಳಗಾಗುತ್ತಾನೆ. ಲೆಂಬರ್ಗ್‌ನ ಡಾಕ್ಟರ್ ಲಾಂಗ್‌ಸಾಮ್ ಔಷಧಿಗಿಂತ ಹೆಚ್ಚಾಗಿ ತನ್ನ ಹಳೆಯ ಊರಿನ ಕಥೆಗಳಿಂದ ಅವನನ್ನು ಗುಣಪಡಿಸುತ್ತಾನೆ. ಮನೆಗೆ ಮರಳಿದ ಹಿರ್ಶ್‌ಲ್ ನಿಧಾನವಾಗಿ, ತನಗೇ ಅರಿವಾಗದಂತೆ, ಮೀನಾಳನ್ನು ಪ್ರೀತಿಸತೊಡಗುತ್ತಾನೆ.

ಇದು ಸೋಲೋ ಗೆಲುವೋ ಎಂದು ವಿಮರ್ಶಕರು ಇಂದಿಗೂ ಜಗಳವಾಡುತ್ತಾರೆ. ಸಮಾಜ ಒಬ್ಬ ತರುಣನ ಹೃದಯವನ್ನು ತುಳಿದು ತನ್ನ ಅಚ್ಚಿಗೆ ಹೊಯ್ದುಕೊಂಡಿತು ಎಂದು ಓದುವವರಿದ್ದಾರೆ. ಅವನು ಹುಡುಗುತನದ ಕನಸಿನಿಂದ ಎಚ್ಚೆತ್ತು ಗೃಹಸ್ಥನಾದನೆಂದು ಓದುವವರೂ ಇದ್ದಾರೆ. ಕೊನೆಯ ಅಧ್ಯಾಯಗಳಲ್ಲಿ ಆ ಇಬ್ಬರ ನಡುವಿನ ಮಾತು ಎಷ್ಟು ಮೆದುವಾಗಿದೆಯೆಂದರೆ, ಅಲ್ಲಿರುವುದು ಬರೀ ಶರಣಾಗತಿ ಎಂದು ನನಗೆ ಅನ್ನಿಸುವುದಿಲ್ಲ. ಹಾಗೆಂದು ಅಗ್ನೋನ್ ನಮ್ಮನ್ನು ನೆಮ್ಮದಿಯಾಗಿರಲು ಬಿಡುವವರೂ ಅಲ್ಲ: ಹಿರ್ಶ್‌ಲ್ ಮತ್ತು ಮೀನಾರ ಕಥೆ ಮುಗಿಯಿತು, ಬ್ಲೂಮೆಯದು ಮುಗಿದಿಲ್ಲ ಎಂದು ಹೇಳಿಯೇ ಅವರು ಪುಸ್ತಕ ಮುಚ್ಚುತ್ತಾರೆ. ಒಂದು ದಾಂಪತ್ಯ ಬಾಳಿದ್ದಕ್ಕೆ ಬೆಲೆ ತೆತ್ತವಳು ಹೊರಗೆ ನಿಂತಿದ್ದಾಳೆ.

ನಂಬಿಕೆ ಉಳಿದು ದಾಂಪತ್ಯ ಒಣಗುವುದೂ ಉಂಟು. ಯೋಸೆಫ್ ರೋಟ್ ಅವರ 1930ರ ಜರ್ಮನ್ ಕಾದಂಬರಿ ‘ಹಿಯೋಬ್’ನ ಮೆಂಡೆಲ್ ಸಿಂಗರ್ ದೈವಭೀರು ಮೇಷ್ಟ್ರು, ಹೆಂಡತಿ ದೆಬೋರಾ ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ತನ್ನ ಬಾಡಿದ ಮೈಯನ್ನು ನೋಡಿಕೊಳ್ಳುವುದು ಅವನ ಕಣ್ಣಿಗೆ ಬೀಳುತ್ತದೆ, ಅಂದಿನಿಂದ ಅವರ ನಡುವಿನ ಆಸೆ ಸತ್ತುಹೋಗುತ್ತದೆ. ದೇವರ ಚಿತ್ತವೆಂದು ಅವನು ಕೈಕಟ್ಟಿ ಕೂರುತ್ತಾನೆ, ಅವಳು ಓಡಾಡಿ ಸೋಲುತ್ತಾಳೆ. ಕಾದಂಬರಿಯ ಕೊನೆಗೆ ಪವಾಡವೊಂದು ನಡೆಯುತ್ತದೆ, ಆದರೆ ಅದನ್ನು ನೋಡಲು ದೆಬೋರಾ ಬದುಕಿರುವುದಿಲ್ಲ. ಖೈಮ್ ಗ್ರಾಡೆ ಅವರ ಯಿದ್ದಿಷ್ ಕಾದಂಬರಿ ‘ಅಗುನಾ’ದಲ್ಲಿ ಗಂಡ ಮೊದಲ ಮಹಾಯುದ್ಧದಲ್ಲಿ ಕಾಣೆಯಾಗಿದ್ದಾನೆ; ಸತ್ತನೆಂಬುದಕ್ಕೆ ಸಾಕ್ಷಿಯಿಲ್ಲದ್ದರಿಂದ ಹೆಂಡತಿ ಮೆರ್ಲ್ ಮರುಮದುವೆಯಾಗುವಂತಿಲ್ಲ. ಕರುಣಾಳು ರಬ್ಬಿಯೊಬ್ಬ ಅನುಮತಿ ಕೊಟ್ಟದ್ದಕ್ಕೆ ವಿಲ್ನಾ ಪಟ್ಟಣವೇ ಇಬ್ಭಾಗವಾಗುತ್ತದೆ. ಸೀದೋನಿನ ಹೆಂಗಸಿಗೆ ಸಿಕ್ಕ ಜಾಣತನದ ದಾರಿ ಇವಳಿಗೆ ಸಿಗುವುದಿಲ್ಲ.

ಶೋಲೆಮ್ ಅಲೈಖೆಮ್ ಅವರ ಹಾಲುಮಾರುವ ತೆವ್ಯೆ ಮತ್ತು ಅವನ ಹೆಂಡತಿ ಗೋಲ್ಡೆಯರನ್ನು ನೀವು ‘ಫಿಡ್ಲರ್ ಆನ್ ದಿ ರೂಫ್’ ಚಿತ್ರದ ಮೂಲಕ ಬಲ್ಲವರಾದರೆ ಒಂದು ಎಚ್ಚರಿಕೆ: ಇಪ್ಪತ್ತೈದು ವರ್ಷದ ಸಂಸಾರದ ನಂತರ, ನನ್ನನ್ನು ಪ್ರೀತಿಸುತ್ತೀಯಾ ಎಂದು ಅವನು ಕೇಳುವ ಹಾಡು 1964ರ ನಾಟಕಕ್ಕಾಗಿ ಬರೆದದ್ದು, ಮೂಲ ಕಥೆಗಳಲ್ಲಿ ಅದಿಲ್ಲ. ಅಲ್ಲಿ ಅವಳು ಬೈಯುತ್ತಾಳೆ, ಅವನು ಶಾಸ್ತ್ರವಾಕ್ಯ ಉದುರಿಸಿ ತಪ್ಪಿಸಿಕೊಳ್ಳುತ್ತಾನೆ. ಅವಳು ತೀರಿಕೊಂಡ ಮೇಲೆ ಅವನ ಹರಟೆಯಲ್ಲಿ ಉಂಟಾಗುವ ಖಾಲಿತನವನ್ನು ಓದುಗರೇ ಗುರುತಿಸಿಕೊಳ್ಳಬೇಕು.

ಮುಂದಿನ ಓದಿಗೆ ಮೊದಲು ‘ಏಂಜಲ್ ಲೆವೀನ್’ ತೆಗೆದುಕೊಳ್ಳಿ. ಮಾಲಮಡ್ ಅವರ 1958ರ ಸಂಕಲನ ‘ದಿ ಮ್ಯಾಜಿಕ್ ಬ್ಯಾರೆಲ್’ನಲ್ಲಿದೆ, ಒಂದೇ ಕೂರಿನಲ್ಲಿ ಮುಗಿಯುತ್ತದೆ. ಆಮೇಲೆ ಸಿಂಗರ್ ಅವರದೇ ‘ಗಿಂಪೆಲ್ ದಿ ಫೂಲ್’ ಓದಬಹುದು: ಆರು ಮಕ್ಕಳಲ್ಲಿ ಒಂದೂ ತನ್ನದಲ್ಲವೆಂದು ಹೆಂಡತಿ ಸಾಯುವಾಗ ಒಪ್ಪಿಕೊಂಡರೂ ಅವಳ ಮೇಲಿನ ಮಮತೆಯನ್ನು ಬಿಡದ ರೊಟ್ಟಿಗಾರನ ಕಥೆಯದು, ಇಂಗ್ಲಿಷಿಗೆ ತಂದವರು ಸಾಲ್ ಬೆಲೋ. ಅಗ್ನೋನ್ ಅವರ ಕಾದಂಬರಿಯನ್ನು ಕೊನೆಗೆ ಇಟ್ಟುಕೊಳ್ಳಿ. ‘ಎ ಸಿಂಪಲ್ ಸ್ಟೋರಿ’ ಎಂಬ ಹೆಸರಿನಲ್ಲಿ ಹಿಲೆಲ್ ಹಾಲ್ಕಿನ್ ಮಾಡಿದ ಇಂಗ್ಲಿಷ್ ಅನುವಾದ 1985ರಲ್ಲಿ ಬಂದಿದೆ. ಅಂಗಡಿಯ ಲೆಕ್ಕಾಚಾರ, ಬೀಗರ ಉಪಚಾರಗಳ ಭಾಗ ನಿಧಾನವೆನಿಸಿದರೂ ಹಾರಿಸಿ ಓದಬೇಡಿ, ಏಕೆಂದರೆ ಹಿರ್ಶ್‌ಲ್‌ನ ಮದುವೆ ನಿಶ್ಚಯವಾಗುವುದು ಆ ಪುಟಗಳಲ್ಲಿಯೇ.